ನೀರು ಇಳಿದ ಆ ಮುಂಜಾನೆ

ನಿವೃತ್ತನಾಗಿ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಹಿಡಿದ ಮೇಲೆ ನನ್ನ ಬಾಗಿಲಿಗೆ ಆಗಾಗ ಹುಡುಗ ಹುಡುಗಿಯರು ಬರುತ್ತಾರೆ. ನದಿಯ ನೀರು ಅಳೆಯುವ ಇಲಾಖೆಯ ಪರೀಕ್ಷೆ ಬರೆದವರು, ಬರೆಯಬೇಕೆಂದಿರುವವರು. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಮೊದಲ ಪೋಸ್ಟಿಂಗ್ ಎಲ್ಲಿ ಹಾಕುತ್ತಾರೆ, ರಜೆ ಎಷ್ಟು, ಕ್ವಾರ್ಟರ್ಸ್ ಸಿಗುತ್ತದೋ ಇಲ್ಲವೋ, ಊರ ಕಡೆಗೆ ವರ್ಗವಾಗಲು ಎಷ್ಟು ವರ್ಷ ಕಾಯಬೇಕು. ತಿಳಿದಷ್ಟು ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ. ಅವರು ಮೆಟ್ಟಿಲು ಇಳಿದು ಹೋದ ಮೇಲೆ, ಹೇಳಬೇಕಾದದ್ದನ್ನು ಈ ಸಲವೂ ಹೇಳಲಿಲ್ಲವಲ್ಲ ಎಂದು ಮನಸ್ಸು ಕೆಡುತ್ತದೆ. ಅದನ್ನು ಇಲ್ಲಿ ಬರೆದಿದ್ದೇನೆ.

ನೌಕರಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ. ನದಿಯಲ್ಲಿ ನಿಲ್ಲಿಸಿದ ಅಳತೆಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರು ಯಾವ ಗೆರೆಯ ತನಕ ಇದೆ ಎಂದು ನೋಡಿ ಬರೆಯುವುದು, ಆ ಅಂಕಿಯನ್ನು ನದಿಯ ಕೆಳಭಾಗದಲ್ಲಿ ಇರುವವರಿಗೆ ತಿಳಿಸುವುದು. ನಾನು ಹುಟ್ಟಿದ್ದು ತಿಕೋಟಾದಲ್ಲಿ. ಅಪ್ಪ ಬೇರೆಯವರ ದ್ರಾಕ್ಷಿ ತೋಟಗಳಲ್ಲಿ ದುಡಿದವನು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಬಲೆಯ ಮೇಲೆ ಹಣ್ಣು ಹರವಿದ ದಿನಗಳಲ್ಲಿ ಒಂದು ಮೋಡ ಕಂಡರೂ ಅವನ ಎದೆ ಹಾರುತ್ತಿತ್ತು. ನನಗೆ ಈ ನೌಕರಿ ಸಿಕ್ಕಾಗ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಗೆಳೆಯರು ನನ್ನನ್ನು ಹಿಡಿದು ನಿಲ್ಲಿಸಿದರು. "ನೀರ ನೋಡಾಕ ಪಗಾರ ಕೊಡ್ತಾರೇನೋ ಪರಸು? ಮೊದಲ ನಮ್ಮೂರಿಗೆ ನೀರ ಬರ್ಲಿ, ಆಮ್ಯಾಲ ನಾವೂ ನೋಡಾಕ ಬರ್ತೇವಿ" ಎಂದು ಒಬ್ಬರು ಅಂದರು. ಎಲ್ಲರೊಂದಿಗೆ ನಾನೂ ನಕ್ಕೆ.

ಮೊದಲ ಕೆಲಸ ಡೋಣಿ ನದಿಯ ದಂಡೆಯ ಮೇಲೆ. ಅಲ್ಲಿ ನನಗೆ ಅಕ್ಷರ ಕಲಿಸಿದಂತೆ ಕೆಲಸ ಕಲಿಸಿದವರು ಕುಲಕರ್ಣಿ ಸಾಹೇಬರು. ಬಿಳಿ ಪ್ಯಾಂಟು ತೊಟ್ಟು ಎರೆಮಣ್ಣಿನ ಕೆಸರಿನಲ್ಲಿ ಮೊಣಕಾಲ ತನಕ ಇಳಿಯುವ ಮನುಷ್ಯ. ತೆರೆ ಬಡಿಯುವಾಗ ಮೇಲಿನ ಗೆರೆ, ಕೆಳಗಿನ ಗೆರೆ ಎರಡನ್ನೂ ನೋಡಿ ನಡುವಿನದನ್ನು ಬರೆಯಬೇಕು ಎಂದು ಕಲಿಸಿದರು. ಶಾಯಿ ಮಳೆಗೆ ಹರಡುತ್ತದೆ, ಆದ್ದರಿಂದ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಆದರೆ ಪೆಟ್ಟಿಗೆಯಲ್ಲಿ ರಬ್ಬರ್ ಇಡಕೂಡದು. ತಪ್ಪಾದರೆ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ತಪ್ಪು ಕೂಡ ಕಾಣುವಂತೆ ಉಳಿಯಬೇಕು ಎಂಬುದು ಅವರ ಕಟ್ಟುನಿಟ್ಟು.

ನನಗೋ ನನ್ನ ಅಕ್ಷರದ ಮೇಲೆ ಭಾರಿ ಮೋಹ. ಸಾಲಿಯಲ್ಲಿ ಮಾಸ್ತರರು ನನ್ನ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಗೆರೆ ಎಳೆದ ಪುಟ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ನಾನು ರಜಿಸ್ಟರಿನ ಮೇಲಿನ ರಬ್ಬರಿನ ಪುಡಿಯನ್ನು ಊದುತ್ತಿರುವಾಗ ಸಾಹೇಬರು ಹಿಂದೆ ಬಂದು ನಿಂತಿದ್ದಾರೆ. ರಬ್ಬರನ್ನು ನನ್ನ ಕೈಯಿಂದ ಇಸಿದುಕೊಂಡು ಡೋಣಿಗೆ ಎಸೆದರು. ಮುಂದಿನ ಸಂತೆಯಲ್ಲಿ ನಾನು ಇನ್ನೊಂದು ಕೊಂಡೆ.

ಅದೇ ಡೋಣಿಯಲ್ಲಿ ಒಂದು ಎಮ್ಮೆಯ ಪ್ರಸಂಗ ನಡೆಯಿತು. ಒಂದು ವಾರ ನನ್ನ ಅಂಕಿಗಳು ಇದ್ದಕ್ಕಿದ್ದಂತೆ ಒಂದಿಷ್ಟು ಜಿಗಿದು ಅಲ್ಲೇ ನಿಂತವು. ಮಳೆ ಇಲ್ಲ, ಮೇಲಿನಿಂದ ನೀರು ಬಿಟ್ಟಿಲ್ಲ. ನನಗೆ ನಾಚಿಕೆಯಾಗಿ, ಆ ಅಂಕಿಗಳನ್ನು ಕಳಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಕಳಿಸಿದೆ. ಸಾಹೇಬರು ಸೈಕಲ್ ಮೋಟಾರಿನಲ್ಲಿ ಧಾವಿಸಿ ಬಂದರು. ಮೈ ಕಡಿತ ತಾಳದ ಎಮ್ಮೆಯೊಂದು ದಿನಾ ಅಳತೆಪಟ್ಟಿಯ ಕಂಬಕ್ಕೆ ಬೆನ್ನು ತಿಕ್ಕಿ ಅದನ್ನು ವಾಲಿಸಿತ್ತು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತರೆ ಅವರು ನಗುತ್ತಿದ್ದರು. "ಅಂಕಿ ಚಂದ ಕಾಣಲಿಲ್ಲ ಅಂದ್ರ ಅದು ಏನೋ ಹೇಳಾಕತ್ತೈತಿ ಅಂತ ತಿಳಿ ಪರಶುರಾಮ" ಎಂದರು. ಆ ಮಾತನ್ನು ನಾನು ಬಹಳ ಸಲ ಬೇರೆಯವರಿಗೆ ಹೇಳಿ ಹೊಗಳಿಸಿಕೊಂಡಿದ್ದೇನೆ. ಬೇಕಾದಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಡೋಣಿಯ ದಂಡೆಯಲ್ಲಿ ಇನ್ನೊಂದು ಪಾಠವನ್ನೂ ಕಲಿತೆ, ಅದನ್ನು ಯಾರೂ ಕಲಿಸಲಿಲ್ಲ. ಮೇಲೆ ಎಲ್ಲೋ ಮಳೆ ಹೊಡೆದರೆ ಡೋಣಿ ಒಂದೆರಡು ತಾಸಿನಲ್ಲಿ ಏರಿ ದಾರಿ ಮುಚ್ಚುತ್ತದೆ. ಸೈಕಲ್ಲಿನವರು, ಬುಟ್ಟಿ ಹೊತ್ತವರು, ಸಾಲಿಗೆ ಹೊರಟವರು ಎರಡೂ ದಂಡೆಯಲ್ಲಿ ಕೂತು ಕಾಯುತ್ತಾರೆ. ನೀರು ಗೇಣು ಇಳಿಯಿತೋ, ಎಲ್ಲರ ಮುಖವೂ ಅರಳುತ್ತದೆ. ನಾನು ಪಟ್ಟಿ ನೋಡಿ 'ಇಳೀತ್ರಿ' ಎಂದರೆ ಸಾಕು, ಎದ್ದು ಸೀರೆ ಧೋತರ ಎತ್ತಿಕಟ್ಟಿ ದಾಟುತ್ತಾರೆ. ನೀರು ಏರುವುದು ಅಪಾಯ, ಇಳಿಯುವುದು ಸುಖ. ಹನ್ನೆರಡು ವರ್ಷ ಅದೇ ಮಾತನ್ನು ಹೇಳಿ ಹೇಳಿ ಅದು ನನ್ನ ಮೈಗೆ ಹತ್ತಿಬಿಟ್ಟಿತ್ತು.

ಆಮೇಲೆ ವರ್ಗಾವಣೆಗಳು, ಬೇರೆ ಬೇರೆ ನದಿಗಳು. ನೌಕರಿಯ ಕೊನೆಯ ಹತ್ತು ವರ್ಷ ಉಳಿದಿರುವಾಗ ಹಿಮಾಲಯದ ಒಂದು ಕಣಿವೆಗೆ ಹಾಕಿದರು. ಆ ನದಿಯ ಹೆಸರು ಬರೆಯುವುದಿಲ್ಲ. ಕಡಿದಾದ ಎರಡು ಬೆಟ್ಟಗಳ ನಡುವೆ ಹಸಿರು ಬಣ್ಣದ ನೀರು ಕಲ್ಲಿಗೆ ಬಡಿದು ನೊರೆಯಾಗಿ ಹೋಗುತ್ತಿತ್ತು. ಮೊದಲ ರಾತ್ರಿ ಆ ಸದ್ದಿಗೆ ನಿದ್ದೆಯೇ ಬರಲಿಲ್ಲ, ತಿಂಗಳು ಕಳೆದ ಮೇಲೆ ಅದು ಕಿವಿಗೇ ಬೀಳದಾಯಿತು. ಅಲ್ಲಿನ ನದಿಗೆ ಮಳೆಯ ಹಂಗಿಲ್ಲ. ಬೇಸಿಗೆಯಲ್ಲಿ ಬಿಸಿಲು ಏರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಚಳಿಗಾಲದಲ್ಲಿ ಝರಿಗಳು ಹೆಪ್ಪುಗಟ್ಟಿ ಬೆಳಿಗ್ಗೆ ನೀರು ತುಸು ಕಡಿಮೆ ಇರುತ್ತದೆ.

ನನ್ನ ಜೊತೆ ಕೆಲಸಕ್ಕಿದ್ದವನು ಗೋಪಾಲ್ ಸಿಂಗ್, ಅದೇ ಕಣಿವೆಯವನು, ನನ್ನ ವಯಸ್ಸಿನವನೇ. ಅವನ ಮನೆಯವರು ತಲೆಮಾರುಗಳಿಂದ ಹಳ್ಳದ ನೀರಿನಿಂದ ತಿರುಗುವ ಬೀಸುವ ಕಲ್ಲು ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಬಿಸಿಲು ಕಾಯಿಸುತ್ತ ಅವನು ಹೇಳಿದ. ಆಕಾಶ ತಿಳಿಯಾಗಿರುವ ದಿನ ಕಲ್ಲು ತಾನಾಗಿ ನಿಧಾನವಾದರೆ ಅವನ ಅಜ್ಜ ಹಿಟ್ಟನ್ನು ಅಲ್ಲೇ ಬಿಟ್ಟು, ಎಲ್ಲರನ್ನೂ ಕರೆದುಕೊಂಡು ಗುಡ್ಡ ಹತ್ತುತ್ತಿದ್ದನಂತೆ. ಮೇಲೆ ಯಾವುದೋ ಗುಡ್ಡ ಜರಿದು ನೀರಿಗೆ ಅಡ್ಡ ಕೂತಿದ್ದರೆ, ಅದು ಒಡೆದಾಗ ಒಟ್ಟಿಗೇ ಬರುತ್ತದೆ ಎಂಬ ಭಯ. ಹತ್ತು ಸಲ ಹತ್ತಿದರೆ ಒಂಬತ್ತು ಸಲ ಏನೂ ಆಗುತ್ತಿರಲಿಲ್ಲ, ಮನೆಯ ಹೆಂಗಸರು ಅಜ್ಜನಿಗೆ ಬೈಯುತ್ತಿದ್ದರಂತೆ. ನಾನು ಹಿಟ್ಟಿನ ಗತಿ ಏನಾಗುತ್ತಿತ್ತು ಎಂದು ಕೇಳಿ ನಕ್ಕೆ. ಅವನೂ ನಕ್ಕ.

ಅಲ್ಲಿನ ನಮ್ಮ ಮೇಲಿನ ಅಧಿಕಾರಿ ಕೆಟ್ಟವರೇನಲ್ಲ, ಆದರೆ ಅವರಿಗೆ ಕಾಗದದ ಮೇಲಿನ ಗೆರೆಯ ಮೇಲೆ ನಂಬಿಕೆ. ದಿನದ ಅಂಕಿಗಳನ್ನು ಒಂದು ನಕ್ಷೆಯಲ್ಲಿ ಕೂಡಿಸಿದರೆ ಗೆರೆ ನುಣುಪಾಗಿ ಬಾಗಬೇಕು. ಎಲ್ಲಾದರೂ ಮೂಲೆ ಮೂಡಿದರೆ ಓದಿದವನದೇ ತಪ್ಪು. ಎರಡನೇ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನೀರು ಇಳಿದಂತೆ ಕಂಡಿತು. ನಾನು ಇದ್ದದ್ದನ್ನೇ ಕಳಿಸಿದೆ. ಕೆಳಗೆ ನದಿಯಲ್ಲಿ ಅಣೆಕಟ್ಟಿನ ಕೆಲಸ ನಡೆಸುತ್ತಿದ್ದವರು ಹೆದರಿ ಕೆಲಸ ನಿಲ್ಲಿಸಿದರು. ಅರ್ಧ ದಿನ ಹಾಳಾಯಿತು. ಆಮೇಲೆ ನೋಡಿದರೆ ಪಟ್ಟಿಯ ಮುಂದೆ ಮಂಜುಗಡ್ಡೆ ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸಿತ್ತು. ನನಗೆ ಮೆಮೊ ಬಂತು. ಮೀಟಿಂಗಿನಲ್ಲಿ ಎಲ್ಲರೆದುರು ಅಧಿಕಾರಿ, ನಿಮ್ಮ ಕಡೆ ನದಿಗಳೇ ಇಲ್ಲವಂತಲ್ಲ, ಮತ್ತೆ ನೀರು ನೋಡಲು ಎಲ್ಲಿ ಕಲಿತಿರಿ ಎಂದು ಕೇಳಿದರು. ಜನ ನಕ್ಕರು. ನಾನು ತಲೆ ತಗ್ಗಿಸಿ ಕೂತೆ. ಆ ದಿನದಿಂದ ಎಲ್ಲರೂ ಮಾಡುತ್ತಿದ್ದದ್ದನ್ನು ನಾನೂ ಮಾಡತೊಡಗಿದೆ. ಅನುಮಾನ ಬಂದ ಅಂಕಿಯನ್ನು ಹಿಂದಿನ ದಿನದ ಹತ್ತಿರಕ್ಕೆ ಎಳೆದು ಬರೆಯುವುದು. ಅದಕ್ಕೆ ನಮ್ಮಲ್ಲಿ 'ಗೆರೆ ಕೂಡಿಸುವುದು' ಅನ್ನುತ್ತಿದ್ದೆವು. ನನ್ನ ರಜಿಸ್ಟರು ಕಣಿವೆಯಲ್ಲೇ ಚಂದ ಎಂದು ಹೆಸರಾಯಿತು.

ಸಿದರಾಯನ ವಿಷಯಕ್ಕೆ ಬರುತ್ತೇನೆ. ಇದನ್ನು ಎಷ್ಟು ಮುಂದೂಡಿದರೂ ಬರಲೇಬೇಕು.

ಸಿದರಾಯ ಬಬಲೇಶ್ವರದವನು. ಬಾವಿ ತೋಡುವುದು, ಬಾವಿಗೆ ಕಲ್ಲು ಕಟ್ಟುವುದು ಅವನ ಕೆಲಸ. ಕಲ್ಲಿನ ಮೇಲೆ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಇದು ಎಲ್ಲಿ ಸೀಳುತ್ತದೆ ಎಂದು ಹೇಳುತ್ತಿದ್ದ. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು, ಅವನು ನನಗಿಂತ ಎರಡು ವರ್ಷ ಚಿಕ್ಕವನು, ನಾನು ಎರಡು ಸಲ ಫೇಲಾಗಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬೋರ್‌ವೆಲ್ಲಿನ ಗಾಡಿಗಳು ಬಂದ ಮೇಲೆ ಬಾವಿ ತೋಡಿಸುವವರು ಇಲ್ಲದಾದರು. ರಜೆಯಲ್ಲಿ ಬಂದಾಗ ಅವನು ಕೈಕಟ್ಟಿ ಕೂತದ್ದು ನೋಡಲಾರದೆ, ನಮ್ಮ ಕಣಿವೆಯ ಅಣೆಕಟ್ಟಿನ ಕೆಲಸದಲ್ಲಿ ಕಲ್ಲಿನವರು ಬೇಕಾಗಿದ್ದಾರೆ, ಬಾ ಎಂದು ನಾನೇ ಕರೆದೆ. ಅವನ ಹೆಂಡತಿ ಶಾಂತವ್ವನಿಗೆ ಮನಸ್ಸಿರಲಿಲ್ಲ. "ಅಣ್ಣಾರ ಅದಾರಲ್ಲ, ನಂಗೇನ ಚಿಂತಿ" ಎಂದು ಸಿದರಾಯ ಅವಳನ್ನು ಒಪ್ಪಿಸಿದ. ಮಗಳು ಸವಿತಾ ಆಗ ಆರನೇ ಇಯತ್ತೆಯಲ್ಲಿ ಓದುತ್ತಿದ್ದಿರಬೇಕು.

ಅವನ ಕೆಲಸದ ಜಾಗ ನಮ್ಮ ಅಳತೆಯ ಠಾಣೆಯಿಂದ ಕೆಳಗೆ, ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ರವಿವಾರ ನನ್ನ ಕೋಣೆಗೆ ಬರುತ್ತಿದ್ದ. ಊರಿನಿಂದ ತಂದ ಜೋಳದ ಹಿಟ್ಟನ್ನು ಇಬ್ಬರೂ ಜೋಪಾನ ಮಾಡಿ ಇಟ್ಟುಕೊಂಡಿದ್ದೆವು. ಆ ಚಳಿಯಲ್ಲಿ ಬಿಸಿನೀರು ಹಾಕಿ ನಾದಿ ಅವನು ರೊಟ್ಟಿ ಬಡಿಯುತ್ತಿದ್ದ, ನಾನು ಶೇಂಗಾ ಚಟ್ನಿಯ ಡಬ್ಬಿ ತೆಗೆಯುತ್ತಿದ್ದೆ. ಪಕ್ಕದ ಕೋಣೆಯವರು ರೊಟ್ಟಿಯ ಸಪ್ಪಳ ಕೇಳಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಇಣುಕಿದ್ದರು. ಉಳಿದ ದಿನ ಬೆಳಿಗ್ಗೆ ಎಂಟೂವರೆಗೆ ಅವನ ಫೋನು ತಪ್ಪುತ್ತಿರಲಿಲ್ಲ. ಕೆಲಸಕ್ಕೆ ಇಳಿಯುವ ಮುಂಚೆ ನೀರು ಹೇಗಿದೆ ಎಂದು ಕೇಳುವ ನೆಪ, ಕನ್ನಡ ಮಾತಾಡುವ ಆಸೆ.

ಆ ದಿನ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಗೋಪಾಲ್ ಸಿಂಗ್ ಮದುವೆಗೆಂದು ಗುಡ್ಡದ ಮೇಲಿನ ತನ್ನ ಹಳ್ಳಿಗೆ ಹೋಗಿದ್ದ. ಎಂಟಕ್ಕೆ ನಾನು ಪಟ್ಟಿಯ ಹತ್ತಿರ ಇಳಿದೆ. ಹಿಂದಿನ ಸಂಜೆ ನೀರು ಒಂದು ಮೀಟರ್ ಎಂಬತ್ತಾರು ಸೆಂಟಿಮೀಟರ್ ಇತ್ತು. ಈಗ ಒಂದು ನಲವತ್ನಾಲ್ಕು. ಪಟ್ಟಿಯ ಸುತ್ತ ಮಂಜುಗಡ್ಡೆ ಇರಲಿಲ್ಲ. ಕೋಲು ಹಾಕಿ ನೋಡಿದೆ, ಕೈಯಿಂದ ತಡವಿ ನೋಡಿದೆ. ಎಂದೂ ಕಾಣದ ಬಂಡೆಗಳು ಹಸಿ ಪಾಚಿ ಹೊತ್ತು ಮೇಲೆ ಎದ್ದಿದ್ದವು. ಪೆನ್ಸಿಲ್ಲಿನಿಂದ 1.44 ಎಂದು ಬರೆದೆ.

ಮೇಲೆ ಹತ್ತಿ ಬಂದು ಆ ಅಂಕಿಯನ್ನು ನೋಡುತ್ತ ಕೂತಾಗ ನನಗೆ ನೆನಪಾದದ್ದು ಮೆಮೊ, ಮೀಟಿಂಗಿನ ನಗು. ರಾತ್ರಿ ವಿಪರೀತ ಚಳಿ ಇತ್ತಲ್ಲ, ಝರಿಗಳು ಹೆಪ್ಪುಗಟ್ಟಿರಬೇಕು ಎಂದುಕೊಂಡೆ. ಬರೀ ಚಳಿಗೆ ನದಿ ಅಷ್ಟು ಇಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ರಬ್ಬರ್ ತೆಗೆದೆ. 1.82 ಎಂದು ಬರೆದು ಪುಡಿ ಊದಿದೆ. ಕೆಳಗಿನ ಎಲ್ಲ ಠಾಣೆಗಳಿಗೆ 'ಯಥಾಸ್ಥಿತಿ' ಎಂದು ಸಂದೇಶ ಕಳಿಸಿದೆ.

ಎಂಟೂವರೆಗೆ ಸಿದರಾಯನ ಫೋನು ಬಂತು. ನೀರು ಹೇಗಿದೆ ಎಂದು ಕೇಳಿದ. ಇಲಾಖೆಗೆ ಸುಳ್ಳು ಬರೆದ ನಾನು ಗೆಳೆಯನಿಗೆ ಇದ್ದದ್ದನ್ನೇ ಹೇಳಿದೆ.

"ಮೊಳದಷ್ಟ ಇಳದೈತಿ ಸಿದರಾಯ."

"ಹಂಗಾರ ಇವತ್ತ ತಳಕ್ಕ ಇಳೀಬಹುದಲ್ಲರಿ ಅಣ್ಣಾ? ಅಡಿಪಾಯದ ಒಂದ್ ಮೂಲಿ ಉಳದೈತಿ. ಅದ ಮುಗದ್ರ ನಾ ಊರಿಗಿ ಹೊಂಡಾವ."

"ಇಳೀರಿ, ಇಳೀರಿ. ಆರಾಮ ಕೆಲಸ ಮಾಡ್ರಿ."

ಇಬ್ಬರಿಗೂ ಖುಷಿಯಾಗಿತ್ತು. ನೀರು ಇಳಿದರೆ ಹಿಗ್ಗುವ ನಾಡಿನವರು ನಾವು. ಆ ಕಣಿವೆಯಲ್ಲಿ ಹುಟ್ಟಿದ ಯಾವನೂ ಆ ಮಾತಿಗೆ ಹಿಗ್ಗುತ್ತಿರಲಿಲ್ಲ.

ಹತ್ತರ ಸುಮಾರಿಗೆ ಮೊದಲು ಗಾಳಿ ಬಂತು. ಚಳಿಯ ಗಾಳಿ, ಅದರಲ್ಲಿ ಕಲ್ಲು ಪುಡಿಯಾದ ವಾಸನೆ. ಕಣಿವೆಯ ಮೇಲ್ಭಾಗದಲ್ಲಿ ಬಿಳಿ ದೂಳು ಎದ್ದು ಬಿಸಿಲನ್ನು ಮುಚ್ಚುತ್ತಿತ್ತು. ನಾನು ಫೋನು ಹಿಡಿದು ಸಿದರಾಯನ ನಂಬರು ಒತ್ತಿದೆ. ಇನ್ನೊಂದು ಕೈಗೆ ಸಿಕ್ಕಿದ್ದು ರಜಿಸ್ಟರು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಹತ್ತತೊಡಗಿದೆ. ಆಮೇಲೆ ಬಂದದ್ದನ್ನು ನೀರು ಎನ್ನಲಾರೆ. ಮಣ್ಣು, ಮನೆಯಷ್ಟು ದೊಡ್ಡ ಬಂಡೆಗಳು, ಹಿಮದ ಗಡ್ಡೆಗಳು, ಬೇರು ಸಮೇತ ಮರಗಳು, ಎಲ್ಲ ಕೂಡಿ ಕಂದು ಗೋಡೆಯೊಂದು ನಡೆದು ಬಂತು. ನನ್ನ ಕೋಣೆ, ಅಳತೆಪಟ್ಟಿ, ಮೇಲಿನ ತೂಗುಸೇತುವೆ ನಾನು ನೋಡುತ್ತಿರುವಾಗಲೇ ಹೋದವು. ಕಿವಿಯಲ್ಲಿ ಫೋನಿನ ರಿಂಗು ಆಗುತ್ತಲೇ ಇತ್ತು. ನಿಂತರೆ ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಯಾರೂ ಎತ್ತಲಿಲ್ಲ.

ಸಿದರಾಯ ತಳಕ್ಕೆ ಇಳಿಯುವ ಮುಂಚೆ ಅಂಗಿ ಬಿಚ್ಚಿ ದಂಡೆಯ ಮೇಲೆ ಎತ್ತರದಲ್ಲಿದ್ದ ಬೇಲಿಗೆ ಹಾಕಿದ್ದ. ಫೋನು ಅಂಗಿಯ ಕಿಸೆಯಲ್ಲಿತ್ತು. ತಳದಲ್ಲಿ ಇದ್ದವರಲ್ಲಿ ಯಾರೂ ಮೇಲೆ ಬರಲಿಲ್ಲ. ಅಂಗಿ ಹಾಗೇ ಇತ್ತು. ಅದರಲ್ಲಿನ ಫೋನು ತೆಗೆದು ನೋಡಿದವರು, ಹದಿನೇಳು ಸಲ ನಾನು ಕರೆ ಮಾಡಿದ್ದು ಕಂಡು, ಈ ಮನುಷ್ಯ ತನ್ನ ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲೂ ಗೆಳೆಯನನ್ನು ಎಚ್ಚರಿಸಲು ಎಷ್ಟು ಬಡಿದಾಡಿದ್ದಾನೆ ಎಂದರು. ಹದಿನೈದು ದಿನ ಕೆಸರು ಬಗೆದೆವು. ಸಿದರಾಯ ಸಿಗಲಿಲ್ಲ. ಅಂಗಿಯನ್ನೂ ಫೋನನ್ನೂ ನಾನೇ ಬಬಲೇಶ್ವರಕ್ಕೆ ಒಯ್ದೆ.

ಶಾಂತವ್ವ ಫೋನನ್ನು ಎದೆಗೆ ಒತ್ತಿಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕೂತಿದ್ದ ನೆರೆಹೊರೆಯವರಿಗೆಲ್ಲ, ಅಣ್ಣಾರು ಹದಿನೇಳು ಸಲ ಫೋನ್ ಹಚ್ಚಿದ್ರು ಎಂದು ಹೇಳಿದಳು. ಅವಳು ಕೊಟ್ಟ ನೀರನ್ನು ಕುಡಿದೆ.

ಕೆಲವು ತಿಂಗಳ ಮೇಲೆ ತಜ್ಞರು ಬಂದರು. ಅವರು ಕಂಡುಹಿಡಿದದ್ದು ಇಷ್ಟು. ನದಿಯ ಮೇಲ್ಭಾಗದ ಕಡಿದಾದ ಬೆಟ್ಟದಿಂದ ಬಂಡೆಯ ಒಂದು ಪದರು, ಅದರ ಮೇಲಿನ ಹಿಮದೊಂದಿಗೆ ಕಳಚಿ ಹಳ್ಳಕ್ಕೆ ಬಿದ್ದು ನೀರನ್ನು ಕಟ್ಟಿತ್ತು. ಆಮೇಲೆ ಇನ್ನೂ ದೊಡ್ಡ ಭಾಗ ಕುಸಿದು ಅದರ ಮೇಲೆ ಬಿತ್ತು. ಬೀಳುವ ರಭಸಕ್ಕೆ ಹಿಮ ಅರೆದು ಕರಗಿ, ಕಟ್ಟಿದ ನೀರೂ ಸೇರಿ, ಎಲ್ಲ ಒಟ್ಟಿಗೇ ನುಗ್ಗಿತು. ಮೊದಲನೆಯದು ಯಾವಾಗ ಬಿದ್ದಿರಬಹುದು ಎಂಬುದು ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ನಸುಕಿನಲ್ಲೇ ಬಿದ್ದಿದ್ದರೆ ಬೆಳಗಿನ ನೀರು ಇಳಿದಿರಬೇಕು. ನನ್ನ ರಜಿಸ್ಟರು ತರಿಸಿ ನೋಡಿದರು. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 1.82 ಎಂದಿತ್ತು. ಹಾಗಾದರೆ ಎರಡೂ ಕುಸಿತಗಳು ಒಂದರ ಹಿಂದೆ ಒಂದು ಕೂಡಲೇ ಆಗಿರಬೇಕು, ಮುನ್ಸೂಚನೆ ಏನೂ ಇರಲಿಲ್ಲ ಎಂದು ವರದಿ ಬರೆದರು. ಪ್ರಾಣ ಒತ್ತೆಯಿಟ್ಟು ರಜಿಸ್ಟರು ಉಳಿಸಿದ್ದಕ್ಕೆ ನನಗೆ ಪ್ರಶಂಸಾಪತ್ರ ಕೊಟ್ಟರು. ಅದನ್ನು ಇಸಿದುಕೊಳ್ಳುವಾಗ ನಾನು ತಲೆ ಎತ್ತದಿದ್ದದ್ದನ್ನು ಎಲ್ಲರೂ ದುಃಖ ಎಂದುಕೊಂಡರು.

ನಾನು ಬಾಯಿ ಬಿಟ್ಟಿದ್ದರೂ ಕೆಳಗಿನವರು ನಂಬುತ್ತಿದ್ದರೋ ಇಲ್ಲವೋ ಎಂದು ಎಷ್ಟೋ ವರ್ಷ ನನ್ನೊಳಗೇ ವಕಾಲತ್ತು ಮಾಡಿಕೊಂಡಿದ್ದೇನೆ. ಎರಡು ತಾಸು ಇತ್ತು. ಒಂದು ಬಾರಿ ಕೆಲಸ ನಿಲ್ಲಿಸಿದವರು ಇನ್ನೊಂದು ಬಾರಿಯೂ ನಿಲ್ಲಿಸುತ್ತಿದ್ದರು. ನಿಲ್ಲಿಸಿ ನನ್ನನ್ನು ಬೈಯುತ್ತಿದ್ದರು, ಅಷ್ಟೇ.

ಈಗ ಕೆಲಸದ ರೀತಿ ಬದಲಾಗಿದೆ. ಸೇತುವೆಯ ಕೆಳಗೆ ಒಂದು ಪೆಟ್ಟಿಗೆ ತೂಗುಹಾಕಿರುತ್ತಾರೆ. ಅದು ಹದಿನೈದು ನಿಮಿಷಕ್ಕೊಮ್ಮೆ ತಾನೇ ನೀರು ನೋಡಿ ಅಂಕಿಯನ್ನು ಉಪಗ್ರಹದ ಮೂಲಕ ಕಳಿಸುತ್ತದೆ. ನಿವೃತ್ತಿಗೆ ಮುಂಚೆ ನಾನೂ ಅದರ ತರಬೇತಿಗೆ ಕೂತಿದ್ದೆ. ಪಾಠ ಹೇಳುತ್ತಿದ್ದ ಎಂಜಿನಿಯರ್ ಬಹಳ ಹೆಮ್ಮೆಯಿಂದ, ಅಂಕಿ ಇದ್ದಕ್ಕಿದ್ದಂತೆ ಬಹಳ ಏರಿದರೆ ಅಥವಾ ಇಳಿದರೆ ಯಂತ್ರ ಅದನ್ನು ತಪ್ಪೆಂದು ತಿಳಿದು ತಾನೇ ಕೈಬಿಡುತ್ತದೆ ಎಂದರು. ನಾನು ರಬ್ಬರಿನಿಂದ ಮಾಡಿದ್ದನ್ನು ಅದು ರಬ್ಬರಿಲ್ಲದೆ ಮಾಡುತ್ತದೆ. ಆ ಕೈಬಿಟ್ಟ ಅಂಕಿಗಳನ್ನು ಯಾರಾದರೂ ನೋಡುತ್ತಾರೆಯೇ ಎಂದು ಎದ್ದು ಕೇಳಿದೆ. ಅವರು, ಅದನ್ನು ವಿಚಾರಿಸಿ ತಿಳಿಸುತ್ತೇನೆ ಎಂದರು.

ನಿವೃತ್ತನಾದ ಮೇಲೆ ವರ್ಷಕ್ಕೆರಡು ಸಲ ತಪ್ಪದೆ ಬಬಲೇಶ್ವರಕ್ಕೆ ಹೋಗುತ್ತಿದ್ದೆ. ನನ್ನ ಹೆಂಡತಿ ಕಮಲಾ ಮನೆಯಲ್ಲಿ ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚುವಾಗ ಸಿದರಾಯನ ಹೆಸರೂ ಹೇಳುತ್ತಾಳೆ. ಅವಳಿಗೂ ನಾನು ಹೇಳಿರಲಿಲ್ಲ. ಶಾಂತವ್ವ ಹೊಲಿಗೆ ಕಲಿತು ಮಗಳನ್ನು ಡಿಪ್ಲೊಮಾ ಓದಿಸಿದಳು. ಕಳೆದ ವರ್ಷ ಸವಿತಾ ಫೋನು ಮಾಡಿ, ನಮ್ಮ ಇಲಾಖೆಯಲ್ಲೇ ಕೆಲಸ ಸಿಕ್ಕಿದೆ, ಹಿಮಾಲಯದ ಕಡೆಗೇ ಹಾಕಿದ್ದಾರೆ ಎಂದಳು. ನಾನು ಮರುದಿನವೇ ಬಸ್ಸು ಹತ್ತಿದೆ.

ಹೋಗಬೇಡ ಎನ್ನಲು ಹೋಗಿದ್ದೆ, ಸುಳ್ಳೇಕೆ. ಅವಳು ಆಗಲೇ ಬ್ಯಾಗು ಕಟ್ಟಿದ್ದಳು. ಅಪ್ಪ ಹೋದ ಪ್ರವಾಹದ ವರದಿಯನ್ನು ಎಲ್ಲಿಂದಲೋ ಹುಡುಕಿ ಪ್ರಿಂಟ್ ತೆಗೆಸಿ, ಸಾಲು ಸಾಲಿಗೂ ಗೆರೆ ಎಳೆದು ಓದಿದ್ದಳು. ಅದನ್ನು ನನ್ನ ಮುಂದೆ ಇಟ್ಟು ಕೇಳಿದಳು.

"ಮುನ್ಸೂಚನಿ ಏನೂ ಇರಲಿಲ್ಲ ಅಂತ ಬರದಾರ ಕಾಕಾ. ಹಂಗಾರ ನಾ ಅಲ್ಲಿ ಕುಂತ ಏನ್ ನೋಡಬೇಕು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ನನ್ನೊಬ್ಬನಲ್ಲೇ ಇತ್ತು. ಹೇಳಿದರೆ ಈ ಮನೆಯಲ್ಲಿ ನನಗೆ ಇದ್ದ ಒಂದು ಚಾಪೆಯ ಜಾಗವೂ ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿ ಆ ಸುಳ್ಳನ್ನು ನಂಬಿಕೊಂಡು ನದಿಯ ಮುಂದೆ ಹೋಗಿ ಕೂರುತ್ತಾಳೆ. ಶಾಂತವ್ವನನ್ನೂ ಕರೆದು ಕೂರಿಸಿದೆ. ಎಂಟು ಗಂಟೆಯ ಅಂಕಿ, ರಬ್ಬರು, ಯಥಾಸ್ಥಿತಿ, ಎಂಟೂವರೆಯ ಫೋನು, ಇಳೀರಿ ಎಂದ ನನ್ನ ಮಾತು, ಒಂದನ್ನೂ ಬಿಡದೆ ಹೇಳಿದೆ. ಕೊನೆಯ ತನಕ ನನಗೆ ಅವರ ಮುಖ ನೋಡಲಾಗಲಿಲ್ಲ. ಹೊಲಿಗೆ ಮಷಿನಿನ ಮೇಲಿದ್ದ ಹಸಿರು ಬಟ್ಟೆಯನ್ನೇ ನೋಡುತ್ತಿದ್ದೆ.

ಸವಿತಾ ಎದ್ದು ಹಿತ್ತಲಿಗೆ ಹೋದಳು. ಶಾಂತವ್ವ ಮಷಿನಿನ ಮೇಲಿನ ಆ ಬಟ್ಟೆಯನ್ನು ತೆಗೆದು ಮಡಚಿಟ್ಟಳು. ಆಮೇಲೆ ನಿಧಾನವಾಗಿ ಅಂದಳು.

"ಅವ್ರಿಗಿ ನೀವು ಖರೇನ ಹೇಳೀರಿ ಅಣ್ಣಾರ. ನೀರ ಇಳದಿದ್ದು ಖರೆ. ಅದಕ್ಕ ನಾ ಏನೂ ಅನ್ನಂಗಿಲ್ಲ. ನಿಮಗ ತಿಳೀಲಿಲ್ಲ, ಅವ್ರಿಗೂ ತಿಳೀಲಿಲ್ಲ. ಬರದದ್ದ ಮಾತ್ರ ಸುಳ್ಳ ಬರದೀರಿ. ಅದನ್ನ ಇನ್ನೂ ಹಂಗ ಬಿಟ್ಟೀರಿ. ನನ್ನ ಮಗಳ ಹೊಂಟಾಳ. ತಿದ್ದ್ರಿ."

ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಹಿತ್ತಲಿನಿಂದ ಬಂದ ಸವಿತಾಳ ಕಣ್ಣುಗಳು ಕೆಂಪಾಗಿದ್ದವು. ನನ್ನ ಕಡೆ ನೋಡದೆ ಒಂದು ಹಾಳೆ, ಪೆನ್ನು ತಂದು ಮುಂದೆ ಇಟ್ಟಳು. ಅಲ್ಲೇ ಕೂತು ಇಲಾಖೆಗೆ ಪತ್ರ ಬರೆದೆ. ಆ ದಿನ ಬೆಳಿಗ್ಗೆ ಎಂಟಕ್ಕೆ ನೀರಿನ ಮಟ್ಟ 1.44 ಇತ್ತು, ರಜಿಸ್ಟರಿನಲ್ಲಿ ಇರುವ 1.82 ನಾನು ತಿದ್ದಿ ಬರೆದದ್ದು, ಪ್ರವಾಹಕ್ಕೆ ಎರಡು ತಾಸು ಮುಂಚೆ ಮುನ್ಸೂಚನೆ ಇತ್ತು. ಪ್ರಶಂಸಾಪತ್ರವನ್ನೂ ಜೊತೆಗೆ ಲಗತ್ತಿಸಿ ಮರಳಿಸಿದೆ. ಬರೆಯುವಾಗ ಎರಡು ಕಡೆ ತಪ್ಪಾಯಿತು. ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ. ಎರಡು ತಿಂಗಳ ಮೇಲೆ, ಪತ್ರ ತಲುಪಿದೆ, ಕಡತಕ್ಕೆ ಸೇರಿಸಿ ತಜ್ಞರಿಗೆ ಕಳಿಸಲಾಗಿದೆ ಎಂಬ ಉತ್ತರ ಬಂತು.

ಸವಿತಾ ಹೋದಳು. ಆರು ತಿಂಗಳು ನನಗೆ ಅವಳಿಂದ ಒಂದು ಫೋನೂ ಇರಲಿಲ್ಲ. ನಾನೂ ಮಾಡಲಿಲ್ಲ. ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾನು ಇಟ್ಟಂಗಿಹಾಳದ ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವಳ ಹೆಸರು ಫೋನಿನಲ್ಲಿ ಕಂಡಿತು. ಕೈ ತೊಳೆಯದೆಯೇ ಎದ್ದು ಅಂಗಳಕ್ಕೆ ಬಂದೆ. ನಮಸ್ಕಾರ, ಕುಶಲ ಏನೂ ಇಲ್ಲದೆ ಅವಳು ನೇರವಾಗಿ ಹೇಳತೊಡಗಿದಳು. ಬೆಳಿಗ್ಗೆ ಪಟ್ಟಿ ನೋಡಿದಾಗ ನೀರು ಒಂದು ಗೇಣು ಇಳಿದಿತ್ತಂತೆ. ಪೆಟ್ಟಿಗೆಯ ಯಂತ್ರ ಮಾಮೂಲು ಎಂದೇ ತೋರಿಸುತ್ತಿತ್ತು. ಇವಳು ಕೆಳಗಿನವರಿಗೆಲ್ಲ ಫೋನು ಮಾಡಿ ನದಿಯಿಂದ ಹತ್ತಿಸಿದಳಂತೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಝರಿ ಹೆಪ್ಪುಗಟ್ಟಿದ್ದು ತಿಳಿಯಿತು. ಬೇರೇನೂ ಆಗಿರಲಿಲ್ಲ.

ಅಂಕಿ ಏನು ಬರೆದೆ ಎಂದು ಕೇಳಿದೆ. ಇದ್ದದ್ದನ್ನೇ ಬರೆದೆ ಎಂದಳು. ಮೇಲಿನವರು ಏನೆಂದರು ಎಂಬುದನ್ನು ನಾನು ಕೇಳಬೇಕಾಗಲಿಲ್ಲ. ಅವಳೇ ಹೇಳಿದಳು.

"ಭಾಳ ಬೈದ್ರು ಕಾಕಾ. ಸಾಹೇಬ್ರು ಬೈದ್ರು, ಕಂತ್ರಾಟದಾರ ಬೈದ್ರು, ಕೆಲಸದ ಮಂದಿನೂ ಬೈದ್ರು."

"ಮಂದಿ ಎಲ್ಲಿದ್ರ ಬೇ ಆವಾಗ?"

"ಎಲ್ಲಾರೂ ಮ್ಯಾಲ, ದಂಡಿ ಮ್ಯಾಲ ನಿಂತಿದ್ರು ಕಾಕಾ. ಅಲ್ಲಿಂದನ ಬೈದ್ರು."